ಮೂಳೆ ಕೂಡಿದ ಮೇಲೆ ಉಳಿಯುವ ಗಾಯ

ಮುರಿದ ಮೂಳೆಯು ಮತ್ತೆ ಕೂಡಿಕೊಳ್ಳುವುದು ಪ್ರಕೃತಿಯ ಸೋಜಿಗಗಳಲ್ಲೊಂದು. ಮುರಿದ ತುದಿಗಳನ್ನು ಸರಿಯಾಗಿ ಜೋಡಿಸಿ ಅಲುಗದಂತೆ ಹಿಡಿದಿಟ್ಟರೆ, ವಾರಗಳು ಕಳೆದಂತೆ ಅವುಗಳ ನಡುವೆ ಹೊಸ ಮೂಳೆಯು ಬೆಳೆಯತೊಡಗುತ್ತದೆ. ವೈದ್ಯರು ಎಕ್ಸ್-ರೇ ಚಿತ್ರವನ್ನು ಬೆಳಕಿಗೆ ಹಿಡಿದು ನೋಡಿ, "ಇನ್ನು ಭಯವಿಲ್ಲ" ಎನ್ನುತ್ತಾರೆ. ಆದರೆ ಭಯವು ನಿಜವಾಗಿಯೂ ಹೋಗಿದೆಯೆ? ಎಕ್ಸ್-ರೇ ಕಿರಣಗಳಿಗೆ ಕಾಣಿಸದ ಇನ್ನೊಂದು ಗಾಯವುಂಟು. ಅದರ ಸ್ವರೂಪವೇನು, ಅದಕ್ಕೆ ಚಿಕಿತ್ಸೆಯೇನು ಎಂಬುದನ್ನು ನಾವು ಇಲ್ಲಿ ವಿಚಾರಮಾಡೋಣ.

ಒಂದು ನಿದರ್ಶನವನ್ನು ಊಹಿಸಿಕೊಳ್ಳೋಣ. ತಿಕೋಟಾದ ಬಳಿ ದ್ರಾಕ್ಷಿತೋಟವುಳ್ಳ ಒಬ್ಬ ಯುವಕನು ಸಂಜೆಯ ಹೊತ್ತು ವಿಜಯಪುರದಿಂದ ಮೋಟಾರು ಸೈಕಲ್ಲಿನ ಮೇಲೆ ಊರಿಗೆ ಮರಳುತ್ತಿದ್ದಾನೆ. ಎದುರಿನಿಂದ ಕಬ್ಬು ಹೇರಿದ ಟ್ರ್ಯಾಕ್ಟರು ಬರುತ್ತದೆ. ಕ್ಷಣಮಾತ್ರದಲ್ಲಿ ಅಪಘಾತವಾಗಿ ಆತನ ತೊಡೆಯ ಮೂಳೆ ಮುರಿಯುತ್ತದೆ. ನಗರದ ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆ ನಡೆದು, ಎರಡು ತಿಂಗಳ ತರುವಾಯ ಆತನು ಕೋಲೂರಿಕೊಂಡು ನಡೆಯುವಷ್ಟು ಗುಣಹೊಂದಿದ್ದಾನೆ. ಆದರೂ ರಾತ್ರಿ ಬೆಚ್ಚಿಬಿದ್ದು ಏಳುತ್ತಾನೆ. ಟ್ರ್ಯಾಕ್ಟರಿನ ಸದ್ದು ಕಿವಿಗೆ ಬಿದ್ದೊಡನೆ ಎದೆ ಹೊಡೆದುಕೊಳ್ಳುತ್ತದೆ, ಅಂಗೈ ಬೆವರುತ್ತದೆ. ರಸ್ತೆಯ ಕಡೆಗೆ ಹೋಗಲೊಲ್ಲನು; ಸಣ್ಣ ಮಾತಿಗೂ ಸಿಡಿಮಿಡಿಗೊಳ್ಳುವನು. "ಅಂಜಿಕೊಂಡಾನ, ತಾನೇ ಸರಿಹೋಗ್ತಾನ" ಎಂದು ಹಿರಿಯರು ಸಮಾಧಾನ ಹೇಳುವರು. "ಗಂಡಸಾಗಿ ಇಷ್ಟಕ್ಕ ಅಂಜೋದೇನು?" ಎಂದು ಮತ್ತೆ ಕೆಲವರು ಮೂದಲಿಸುವರು. ಮೊದಲನೆಯ ಮಾತಿನಲ್ಲಿ ಅರ್ಧ ಸತ್ಯವಿದೆ. ಎರಡನೆಯದರಲ್ಲಿ ಏನೂ ಇಲ್ಲ.

ಇದು ಹೇಡಿತನವಲ್ಲ, ಮೆದುಳಿನ ಒಂದು ವ್ಯಾಪಾರ. ಮೆದುಳಿನ ಒಳಭಾಗದಲ್ಲಿ ಬಾದಾಮಿಯ ಆಕಾರದ ಅಮಿಗ್ಡಲಾ ಎಂಬ ಭಾಗವಿದೆ. ಅಪಾಯವನ್ನು ಗುರುತಿಸಿ ದೇಹವನ್ನು ಎಚ್ಚರಿಸುವುದು ಅದರ ಕೆಲಸ. ಆಗ ಅಡ್ರಿನಲಿನ್ ಮೊದಲಾದ ರಸಗಳು ರಕ್ತದಲ್ಲಿ ಸೇರುತ್ತವೆ. ಹೃದಯದ ಬಡಿತವು ಹೆಚ್ಚುತ್ತದೆ. ಆ ಕ್ಷಣದ ನೋಟ, ಸದ್ದು, ವಾಸನೆಗಳು ನೆನಪಿನಲ್ಲಿ ಅಚ್ಚೊತ್ತುತ್ತವೆ. ಇದರ ನೆರೆಯಲ್ಲಿಯೇ ಇರುವ ಹಿಪ್ಪೊಕ್ಯಾಂಪಸ್ ಎಂಬ ಭಾಗವು ಆ ನೆನಪಿಗೆ ಕಾಲದೇಶಗಳ ಗುರುತನ್ನು ಹಚ್ಚುತ್ತದೆ. ಭೀಕರ ಪ್ರಸಂಗದಲ್ಲಿ ಮೊದಲನೆಯ ಕೆಲಸವು ಅತಿಯಾಗಿ, ಎರಡನೆಯದು ಅರೆಯಾಗಿ ನಡೆಯುತ್ತದೆಂದು ಹಲವು ವಿಜ್ಞಾನಿಗಳ ಅಭಿಪ್ರಾಯ. ಆದಕಾರಣ ಆ ನೆನಪು "ಆಗಿಹೋದದ್ದು" ಎಂದು ತೋರದೆ "ಈಗ ಆಗುತ್ತಿರುವುದು" ಎಂದೇ ತೋರುತ್ತದೆ.

ವಿಜಯಪುರದ ಗೋಳಗುಮ್ಮಟವನ್ನು ನೋಡಿದವರಿಗೆ ಇದನ್ನು ತಿಳಿಯುವುದು ಸುಲಭ. ಗುಮ್ಮಟದ ಒಳಸುತ್ತಿನ ಮೊಗಸಾಲೆಯಲ್ಲಿ ನಿಂತು ಒಂದು ಚಪ್ಪಾಳೆ ತಟ್ಟಿದರೆ ಅದು ಹಲವು ಸಲ ಮರುದನಿಗೊಡುತ್ತದೆ. ಆದರೆ ಪ್ರತಿಸಲವೂ ದನಿ ಕುಂದುತ್ತ ಕೊನೆಗೆ ಅಡಗುತ್ತದೆ. ಗಾಯಗೊಂಡವರಲ್ಲಿ ಬಹುಮಂದಿಯ ಭಯವೂ ಹೀಗೆಯೇ ಕೆಲವು ವಾರಗಳಲ್ಲಿ ತಾನಾಗಿ ಅಡಗುವುದು. ಕೆಲವರಲ್ಲಿ ಮಾತ್ರ ಅಡಗದೆ ಒಂದು ತಿಂಗಳನ್ನು ಮೀರಿ ನಿಲ್ಲುವುದು. ಆಗ ಅದನ್ನು ಆಘಾತೋತ್ತರ ಮನೋಬಾಧೆ ಎನ್ನುತ್ತಾರೆ. ಮೊದಲನೆಯ ಮಹಾಯುದ್ಧದ ಕಾಲದಲ್ಲಿ, 1915ರಲ್ಲಿ, ಚಾರ್ಲ್ಸ್ ಮೈಯರ್ಸ್ ಎಂಬ ಮನಶ್ಶಾಸ್ತ್ರಜ್ಞರು ಸೈನಿಕರ ಇಂಥ ಬಾಧೆಯನ್ನು "ಶೆಲ್ ಶಾಕ್" ಎಂಬ ಹೆಸರಿನಿಂದ ವರ್ಣಿಸಿದರು. 1980ರಲ್ಲಿ ಅಮೆರಿಕದ ಮನೋವೈದ್ಯರ ಸಂಘವು ಇದನ್ನು ಪ್ರತ್ಯೇಕ ರೋಗವೆಂದು ತನ್ನ ಕೈಪಿಡಿಯಲ್ಲಿ ಸೇರಿಸಿತು.

ಹಾಗಾದರೆ ರೋಗಿಯು ಹಾಸಿಗೆಯಲ್ಲಿರುವಾಗಲೇ ಆತನಿಂದ ನಡೆದುದನ್ನೆಲ್ಲ ಹೇಳಿಸಿ ಮನಸ್ಸನ್ನು ಹಗುರಮಾಡಬಾರದೆ ಎಂದು ಓದುಗರು ಕೇಳಬಹುದು. ಒಂದು ಕಾಲಕ್ಕೆ ತಜ್ಞರೂ ಹಾಗೆಯೇ ನಂಬಿದ್ದರು. ಆದರೆ ಪ್ರಯೋಗವು ಬೇರೆಯದನ್ನೇ ತಿಳಿಸಿತು. ಸುಟ್ಟಗಾಯಗಳಿಂದ ಆಸ್ಪತ್ರೆ ಸೇರಿದವರನ್ನು ಬ್ರಿಟನ್ನಿನಲ್ಲಿ ಎರಡು ಗುಂಪುಮಾಡಿ, ಒಂದು ಗುಂಪಿನವರಿಂದ ಮಾತ್ರ ಒಂದೇ ಭೇಟಿಯಲ್ಲಿ ಎಲ್ಲವನ್ನೂ ಹೇಳಿಸಲಾಯಿತು. 1997ರಲ್ಲಿ ಪ್ರಕಟವಾದ ಫಲಿತಾಂಶದಂತೆ, 13 ತಿಂಗಳ ಬಳಿಕ ಹೇಳಿಸಲ್ಪಟ್ಟವರಲ್ಲಿ ಶೇಕಡ 26 ಮಂದಿಗೆ ಈ ಬಾಧೆಯಿತ್ತು. ಸುಮ್ಮನೆ ಬಿಟ್ಟವರಲ್ಲಿ ಶೇಕಡ 9 ಮಂದಿಗೆ ಮಾತ್ರ. ಮೊದಲನೆಯ ಗುಂಪಿನವರ ಗಾಯಗಳು ತುಸು ಹೆಚ್ಚಿನವಾಗಿದ್ದುವೆಂಬುದು ನಿಜ. ಆದರೆ ಇತರ ಪ್ರಯೋಗಗಳನ್ನು ಕೂಡಿಸಿ ನೋಡಿದಾಗಲೂ ಈ ಪದ್ಧತಿಯಿಂದ ಲಾಭ ಕಂಡುಬರಲಿಲ್ಲ. ಹಸಿಗಾಯವನ್ನು ಕೆದಕಿದಂತೆ, ಇನ್ನೂ ಕುದಿಯುತ್ತಿರುವ ಭಯವನ್ನು ಒತ್ತಾಯದಿಂದ ಕೆರಳಿಸಿದಂತಾಗುವುದೆ ಇದಕ್ಕೆ ಕಾರಣವಿರಬಹುದು.

ನಮ್ಮ ಆಸ್ಪತ್ರೆಗಳಲ್ಲಿ ಈ ಕೆದಕುವ ಕೆಲಸವನ್ನು ಅರಿಯದೆ ಮಾಡುವವರು ನಾವೇ! ಎಳನೀರು ಹಿಡಿದು ನೋಡಲು ಬಂದ ಪ್ರತಿಯೊಬ್ಬ ನಂಟನೂ, "ಹ್ಯಾಂಗಾತಪ್ಪಾ?" ಎಂದು ಕೇಳುವನು, ರೋಗಿಯು ದಿನಕ್ಕೆ ಹತ್ತು ಸಲ ಆ ಟ್ರ್ಯಾಕ್ಟರಿನ ಕೆಳಗೆ ಬೀಳುವನು.

ಮೊದಲ ದಿನಗಳಲ್ಲಿ ಬೇಕಾದ ಆರೈಕೆ ಸರಳವಾದುದು. ವಿಶ್ವ ಆರೋಗ್ಯ ಸಂಸ್ಥೆಯು 2011ರಲ್ಲಿ ಹೊರತಂದ ಕೈಪಿಡಿಯು ಅದನ್ನು ಮೂರು ಮಾತಿನಲ್ಲಿ ಅಡಗಿಸಿದೆ: ನೋಡು, ಆಲಿಸು, ಜೋಡಿಸು. ನೋವನ್ನು ಚೆನ್ನಾಗಿ ತಗ್ಗಿಸುವುದು, ನಿದ್ರೆಗೆ ಅವಕಾಶ ಕೊಡುವುದು, ಗಾಯ ಕಟ್ಟುವ ಮೊದಲು "ಈಗ ಇಂಥದು ಮಾಡುತ್ತೇವೆ" ಎಂದು ತಿಳಿಸುವುದು, ಆತನಾಗಿ ಮಾತನಾಡಿದರೆ ಕಿವಿಗೊಡುವುದು, ಸಾಲ ಮತ್ತು ಸುಗ್ಗಿಗಳ ಚಿಂತೆಗೆ ನೆರವಾಗಬಲ್ಲವರ ಪರಿಚಯ ಮಾಡಿಸುವುದು—ಇವಿಷ್ಟೆ.

ತಿಂಗಳ ಬಳಿಕ ರೋಗಿಯು ಮೂಳೆಯ ಪರೀಕ್ಷೆಗೆ ಮರಳಿ ಬಂದಾಗ ಕೆಲವು ಪ್ರಶ್ನೆಗಳನ್ನೂ ಕೇಳಬೇಕು. ಕೆಟ್ಟ ಕನಸು ಬೀಳುವುದೆ? ಆ ಜಾಗದಿಂದ ದೂರ ಉಳಿಯುವೆಯಾ? ಬದುಕು ಬೇಡವೆನಿಸಿದೆಯೆ? ಈ ಪ್ರಶ್ನೆಗಳನ್ನು ಕೇಳದೆ ಬಿಟ್ಟರೆ ಹಾನಿಯು ಮನಸ್ಸಿನಲ್ಲಿಯೇ ನಿಲ್ಲದು. ಅಂಜಿದವನು ವ್ಯಾಯಾಮ ಮಾಡನು, ಮೊಣಕಾಲು ಬಿಗಿಯುವುದು, ನೋವು ಹೆಚ್ಚುವುದು, ನೋವು ಅಂಜಿಕೆಯನ್ನು ಬೆಳೆಸುವುದು. ಕೆಲವರು ಮರೆವಿಗಾಗಿ ಮದ್ಯದ ಮೊರೆಹೋಗುವರು.

ಬಾಧೆಯುಂಟೆಂದು ತಿಳಿದಾಗ ತಜ್ಞರು ಮಾಡುವ ಚಿಕಿತ್ಸೆಯಲ್ಲಿ ನಡೆದುದನ್ನು ಹೇಳಿಸುವುದೂ ಉಂಟು. ಮೇಲೆ ಬೇಡವೆಂದುದೇ ಇಲ್ಲಿ ಹೇಗೆ ಮದ್ದಾಯಿತು? ಅಲ್ಲಿ ಅವಸರದ ಒಂದೇ ಭೇಟಿ. ಇಲ್ಲಿ ಸಾಮಾನ್ಯವಾಗಿ 8ರಿಂದ 12 ಭೇಟಿಗಳು, ರೋಗಿಯ ಒಪ್ಪಿಗೆ, ಮೆಟ್ಟಿಲು ಮೆಟ್ಟಿಲಾದ ಏರಿಕೆ. ನಮ್ಮ ಯುವಕನು ಮೊದಲು ನಡೆದುದನ್ನು ಕ್ರಮವಾಗಿ ಹೇಳಲು ಕಲಿಯುವನು. ಬಳಿಕ ಅಂಗಳದಲ್ಲಿ ಕುಳಿತು ದೂರದ ಟ್ರ್ಯಾಕ್ಟರಿನ ಸದ್ದನ್ನು ಕೇಳುವನು. ಮುಂದೆ ರಸ್ತೆಯ ಬದಿಗೆ ಬರುವನು. ಪ್ರತಿಸಲವೂ ಭಯವು ಏರಿ ತಾನೇ ಇಳಿಯುವುದನ್ನು ಮೆದುಳು ಕಲಿಯುತ್ತದೆ. ಹಳೆಯ ನೆನಪು ಅಳಿಯುವುದಿಲ್ಲ. ಅದರ ಮೇಲೆ "ಸದ್ದು ಬಂತು, ಕೇಡಾಗಲಿಲ್ಲ" ಎಂಬ ಹೊಸ ಪಾಠವು ಬಲಿಯುತ್ತದೆ.

ನಮ್ಮ ನಾಡಿಗೆ ಈ ವಿದ್ಯೆ ಹೊಸದೇನಲ್ಲ. 1954ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾಗಿ 1974ರಲ್ಲಿ ನಿಮ್ಹಾನ್ಸ್ ಆದ ಸಂಸ್ಥೆಯ ತಜ್ಞರು, 1981ರ ವೀನಸ್ ಸರ್ಕಸ್ ಅಗ್ನಿದುರಂತದಲ್ಲಿ ಮಕ್ಕಳನ್ನೂ ಬಂಧುಗಳನ್ನೂ ಕಳೆದುಕೊಂಡವರ ದುಃಖವನ್ನು ಅಧ್ಯಯನ ಮಾಡಿದರು. ಅದೇ ಸಂಸ್ಥೆಯು ಬಳ್ಳಾರಿ ಜಿಲ್ಲೆಯಲ್ಲಿ ನಡೆಸಿದ ಪ್ರಯೋಗವೇ 1996ರಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. ಸರ್ಕಾರಿ ಸೇವೆಯಿಂದ ಮನೋಚಿಕಿತ್ಸೆ ಪಡೆಯುವುದು 2017ರ ಕಾಯಿದೆಯಂತೆ ಪ್ರತಿಯೊಬ್ಬರ ಹಕ್ಕು. ಆದರೆ ಊರುಗೋಲು ಹಿಡಿದವನಿಗೆ ತಿಕೋಟಾ ಅಥವಾ ಬಬಲೇಶ್ವರದಿಂದ ವಿಜಯಪುರಕ್ಕೆ ಬಸ್ಸಿನಲ್ಲಿ ಬರುವುದೇ ಒಂದು ಸಾಹಸ. ಅಂಥವರಿಗೆ 2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ ಮಾನಸ್ ಸೇವೆಯು ನೆರವಾಗಬಲ್ಲುದು. 14416 ಸಂಖ್ಯೆಗೆ ಹಗಲಿರುಳು ಯಾವಾಗಲಾದರೂ ಫೋನುಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು, ಹಣ ಕೊಡಬೇಕಾಗಿಲ್ಲ.

ವಿದ್ಯಾರ್ಥಿಗಳಾದ ನಮ್ಮ ಓದುಗರು ವೈದ್ಯರಲ್ಲದಿರಬಹುದು. ಆದರೆ ಗಾಯಗೊಂಡ ಗೆಳೆಯನನ್ನು ನೋಡಲು ಎಂದಾದರೂ ಹೋಗಿಯೇ ಹೋಗುವರು. ಆಗ "ಹೇಗಾಯಿತು?" ಎನ್ನುವುದರ ಬದಲು "ಏನು ಬೇಕು?" ಎಂದು ಕೇಳಿ ನೋಡಲಿ. ತಿಂಗಳು ಕಳೆದ ಮೇಲೆ ಇನ್ನೊಮ್ಮೆ ಹೋಗಿ, "ನಿದ್ದೆ ಬರುತ್ತಿದೆಯೆ?" ಎಂದು ವಿಚಾರಿಸಲಿ. ಎಕ್ಸ್-ರೇ ಕಾಣದ ಗಾಯವು ಎಷ್ಟೋ ವೇಳೆ ಮೊದಲು ಬೆಳಕಿಗೆ ಬರುವುದು ಇಂಥ ಒಂದು ಪ್ರಶ್ನೆಯಿಂದಲೇ.