ರೈಲನ್ನೇರಿದ ಕಹಳೆಗಾರರು

1845ನೆಯ ಇಸವಿಯ ಜೂನ್ ತಿಂಗಳ ಮೊದಲ ವಾರ. ಹಾಲೆಂಡಿನ ಉಟ್ರೆಕ್ಟ್ ನಗರದಿಂದ ಮಾರ್ಸೆನ್ ಎಂಬ ಊರಿಗೆ ಹೋಗುವ ರೈಲುದಾರಿಯಲ್ಲಿ ಒಂದು ವಿಚಿತ್ರ ದೃಶ್ಯ ಕಂಡುಬಂದಿತು. ಉಗಿಯ ಎಂಜಿನ್ನೊಂದು ತೆರೆದ ಗಾಡಿಯನ್ನು ಎಳೆದುಕೊಂಡು ಒಮ್ಮೆ ಅತ್ತ, ಒಮ್ಮೆ ಇತ್ತ ಧಾವಿಸುತ್ತಿದ್ದಿತು. ಗಾಡಿಯಲ್ಲಿ ಸರಕಿರಲಿಲ್ಲ, ಕಹಳೆ ಹಿಡಿದ ವಾದ್ಯಗಾರರಿದ್ದರು. ರಾಗವಿಲ್ಲ, ತಾಳವಿಲ್ಲ, ಒಂದೇ ಸ್ವರವನ್ನು ಹಿಡಿದು ಊದುವುದಷ್ಟೇ ಅವರ ಕೆಲಸ. ಹಳಿಯ ಪಕ್ಕದಲ್ಲಿಯೂ ವಾದ್ಯಗಾರರು ನಿಂತಿದ್ದರು. ಅವರೊಡನೆ ಸಂಗೀತದಲ್ಲಿ ಕಿವಿ ನುರಿತವರು ಕೆಲವರು, ಸ್ವರವನ್ನು ಅಳೆಯುವುದಕ್ಕಾಗಿ.

ಈ ಮೆರವಣಿಗೆಯನ್ನು ಏರ್ಪಡಿಸಿದವನು 27 ವರ್ಷದ ತರುಣ ವಿಜ್ಞಾನಿ ಬೈಸ್ ಬ್ಯಾಲಟ್. ಫೆಬ್ರವರಿಯಲ್ಲಿ ಒಮ್ಮೆ ಯತ್ನಿಸಿ, ಹಿಮಗಾಳಿಯ ಹಾವಳಿಯಿಂದ ಕೈಬಿಟ್ಟಿದ್ದನು. ಅಷ್ಟಾದರೂ ಛಲ ಬಿಡದಿರಲು ಕಾರಣವಿತ್ತು. ದೂರದ ಪ್ರಾಗ್ ನಗರದ ಒಬ್ಬ ಉಪಾಧ್ಯಾಯನು ಮಂಡಿಸಿದ್ದ ಸಿದ್ಧಾಂತವು ಆತನಿಗೆ ಒಪ್ಪಿಗೆಯಾಗಿರಲಿಲ್ಲ.

ಆ ಉಪಾಧ್ಯಾಯನ ಹೆಸರು ಕ್ರಿಶ್ಚಿಯನ್ ಡಾಪ್ಲರ್. 1803ರಲ್ಲಿ ಸಾಲ್ಜ್‌ಬರ್ಗ್ ನಗರದಲ್ಲಿ ಕಲ್ಲುಕುಟಿಗರ ಮನೆಯಲ್ಲಿ ಹುಟ್ಟಿದವನು. ಮೈಯಲ್ಲಿ ಕಸುವಿಲ್ಲದ ಕಾರಣ ಮನೆತನದ ಉಳಿಯನ್ನು ಬಿಟ್ಟು ಗಣಿತವನ್ನು ಹಿಡಿಯಬೇಕಾಯಿತು. ಆದರೆ ಗಣಿತ ಅನ್ನವಿಕ್ಕಲು ತಡಮಾಡಿತು. ಬೇಸತ್ತು, ಇದ್ದ ಬದ್ದ ಸಾಮಾನುಗಳನ್ನು ಮಾರಿ ಅಮೆರಿಕೆಗೆ ಹೊರಟು ನಿಂತಿದ್ದಾಗ ಪ್ರಾಗ್‌ನಲ್ಲಿ ಕೆಲಸ ದೊರೆಯಿತು. ಅಲ್ಲಿಯ ವಿದ್ವತ್ಸಭೆಯಲ್ಲಿ 1842ರ ಮೇ 25ರಂದು, ಬೆರಳೆಣಿಕೆಯ ಶ್ರೋತೃಗಳ ಮುಂದೆ, ಆತನು ಒಂದು ಪ್ರಬಂಧವನ್ನೋದಿದನು. ಅದರ ವಿಷಯ ನಕ್ಷತ್ರಗಳ ಬಣ್ಣ. ನಮ್ಮತ್ತ ಬರುತ್ತಿರುವ ನಕ್ಷತ್ರ ನೀಲಿಯ ಕಡೆಗೂ, ದೂರ ಸರಿಯುವ ನಕ್ಷತ್ರ ಕೆಂಪಿನ ಕಡೆಗೂ ವಾಲುವುದೆಂದು ಆತನ ವಾದ. ಬೆಳಕಿಗೆ ಅನ್ವಯಿಸುವ ಈ ನಿಯಮ ಶಬ್ದಕ್ಕೂ ಅನ್ವಯಿಸಬೇಕು. ನಕ್ಷತ್ರದ ಮೇಲೆ ಪರೀಕ್ಷೆ ನಡೆಸುವುದು ಬೈಸ್ ಬ್ಯಾಲಟ್‌ನಿಗೆ ಸಾಧ್ಯವಿರಲಿಲ್ಲ. ಕಹಳೆಯ ಮೇಲೆ ಸಾಧ್ಯವಿದ್ದಿತು!

ನಿಯಮದ ತಿರುಳು ಕಠಿನವೇನಲ್ಲ. ಶಬ್ದವು ಗಾಳಿಯಲ್ಲಿ ಅಲೆಗಳಾಗಿ ಸೆಕೆಂಡಿಗೆ ಸುಮಾರು 340 ಮೀಟರ್ ವೇಗದಿಂದ ಹರಿಯುತ್ತದೆ. ಕಹಳೆಯೊಂದು ಸೆಕೆಂಡಿಗೆ 400 ಅಲೆಗಳನ್ನು ಹೊರಡಿಸುತ್ತದೆಂದು ಭಾವಿಸೋಣ. ಕಹಳೆಗಾರ ನಿಂತಲ್ಲೇ ನಿಂತಿದ್ದರೆ ಅಲೆಯಿಂದ ಅಲೆಗೆ 85 ಸೆಂಟಿಮೀಟರ್ ಅಂತರ. ಆತನು ಸೆಕೆಂಡಿಗೆ 20 ಮೀಟರ್, ಎಂದರೆ ಗಂಟೆಗೆ 72 ಕಿಲೋಮೀಟರ್ ವೇಗದಲ್ಲಿ ನಮ್ಮೆಡೆಗೆ ಬರುತ್ತಿದ್ದರೆ, ಪ್ರತಿಯೊಂದು ಅಲೆಯನ್ನೂ ಹಿಂದಿನದಕ್ಕಿಂತ ಸ್ವಲ್ಪ ಮುಂದೆ ಬಂದು ಬಿಡುತ್ತಾನೆ. ಅಂತರ 80 ಸೆಂಟಿಮೀಟರಿಗೆ ಇಳಿಯುತ್ತದೆ. ಅಲೆಗಳ ವೇಗ ಮಾತ್ರ ಬದಲಾಗದು. ಆದುದರಿಂದ ಒತ್ತೊತ್ತಾಗಿ ಬರುವ ಆ ಅಲೆಗಳು ಸೆಕೆಂಡಿಗೆ 425ರಂತೆ ನಮ್ಮ ಕಿವಿಯನ್ನು ತಟ್ಟುತ್ತವೆ, ಶ್ರುತಿ ಏರುತ್ತದೆ. ಆತನು ನಮ್ಮನ್ನು ದಾಟಿ ದೂರವಾಗುತ್ತಲೇ ಅಂತರ 90 ಸೆಂಟಿಮೀಟರಾಗಿ, ನಮಗೆ ಸಲ್ಲುವ ಅಲೆಗಳು 378ರಷ್ಟೇ. ನಮ್ಮ ಸಂಗೀತದ ಮಾತಿನಲ್ಲಿ ಹೇಳುವುದಾದರೆ, ಆತನು ಊದುವುದು ಷಡ್ಜವಾದರೆ, ಬರುವಾಗ ನಮಗೆ ಕೇಳುವುದು ಹೆಚ್ಚುಕಡಿಮೆ ಶುದ್ಧ ರಿಷಭ. ಹೋಗುವಾಗ ಕೆಳಗಿನ ಕಾಕಲಿ ನಿಷಾದ. ಪಾಪ, ಕಹಳೆಗಾರನಿಗೆ ಇದಾವುದರ ಅರಿವೂ ಇಲ್ಲ! ವಾದ್ಯದೊಡನೆ ತಾನೂ ಚಲಿಸುತ್ತಿರುವುದರಿಂದ ಆತನ ಕಿವಿಗೆ ಮೊದಲಿಂದ ಕೊನೆಯವರೆಗೆ ಅದೇ ಷಡ್ಜ.

ಇಲ್ಲಿ ಅನೇಕರು ಎಡವುವುದುಂಟು. ರೈಲು ಸಮೀಪಿಸಿದಷ್ಟೂ ಶ್ರುತಿ ಏರುತ್ತ ಹೋಗುವುದೆಂದು ಅವರ ಭಾವನೆ. ಏರುತ್ತ ಹೋಗುವುದು ಶಬ್ದದ ಗಟ್ಟಿತನ. ನೇರವಾಗಿ ನಮ್ಮತ್ತ ಬರುವ ರೈಲಿನ ವೇಗ ಒಂದೇ ಸಮನಾಗಿರುವವರೆಗೆ ಅದರ ಶ್ರುತಿಯೂ ಒಂದೇ ಸಮ. ನಮ್ಮನ್ನು ದಾಟುವ ಗಳಿಗೆಯಲ್ಲಿ ಅದು ಜಾರಿ ಬೀಳುತ್ತದೆ.

ಉಟ್ರೆಕ್ಟಿನಲ್ಲಿ ಆ ಜಾರುವಿಕೆಯನ್ನು ಹಿಡಿಯುವುದು ಸುಲಭವಾಗಲಿಲ್ಲ. ಎಂಜಿನ್ನಿನ ಗದ್ದಲದಲ್ಲಿ ಸ್ವರ ಮುಳುಗುತ್ತಿದ್ದಿತು. ಆದರೂ ನುರಿತ ಕಿವಿಗಳು ಮೋಸಹೋಗಲಿಲ್ಲ: ಬರುವ ಕಹಳೆಯ ಸ್ವರ ನಿಂತ ಕಹಳೆಗಿಂತ ಮೇಲೆ, ಹೋಗುವ ಕಹಳೆಯದು ಕೆಳಗೆ. ಬೈಸ್ ಬ್ಯಾಲಟ್ ಪ್ರಾಮಾಣಿಕ. ತನಗೆ ಹಿತವಾಗದ ಫಲಿತಾಂಶವನ್ನು ಮುಚ್ಚಿಡಲಿಲ್ಲ. ಶಬ್ದದ ಮಟ್ಟಿಗೆ ಡಾಪ್ಲರನು ಹೇಳಿದ್ದು ದಿಟವೆಂದು ಪ್ರಕಟಿಸಿದನು. ನಕ್ಷತ್ರಗಳ ಬಣ್ಣದ ವಿಷಯದಲ್ಲಿ ಮಾತ್ರ ಒಪ್ಪಲಿಲ್ಲ. ನಕ್ಷತ್ರದ ಬೆಳಕು ಒಂದು ಕಡೆಗೆ ಸರಿದರೆ, ಕಣ್ಣಿಗೆ ಕಾಣದ ಕಿರಣಗಳು ತೆರವಾದ ಸ್ಥಳಕ್ಕೆ ಸರಿದುಬಂದು ತುಂಬುತ್ತವಲ್ಲವೆ ಎಂದು ಆತನ ಆಕ್ಷೇಪ. ಆಕ್ಷೇಪ ಸರಿಯಾಗಿಯೇ ಇದ್ದಿತು. ನಕ್ಷತ್ರದ ಬಣ್ಣವನ್ನು ಮುಖ್ಯವಾಗಿ ನಿರ್ಧರಿಸುವುದು ಅದರ ಉಷ್ಣತೆಯೆಂದು ಇಂದು ತಿಳಿದಿದೆ. ನಿಯಮ ದಿಟ, ಅದನ್ನು ಹುಟ್ಟಿಸಿದ ಉದಾಹರಣೆ ತಪ್ಪು!

ಡಾಪ್ಲರನಿಗೆ ಈ ಗೆಲುವು ನೆಮ್ಮದಿ ತರಲಿಲ್ಲ. 1852ರಲ್ಲಿ ವಿಯೆನ್ನಾದ ವಿದ್ವಾಂಸರ ಸಭೆಯಲ್ಲಿ, ಕ್ಯಾಮರಾ ಮಸೂರದಿಂದ ಹೆಸರಾದ ಗಣಿತಜ್ಞ ಪೆಟ್ಸ್‌ವಾಲ್ ಆತನ ಸಿದ್ಧಾಂತವನ್ನೇ ಅಲ್ಲಗಳೆದನು. ಡಾಪ್ಲರನು ಆಗಲೇ ಎದೆಯ ರೋಗದಿಂದ ಬಳಲುತ್ತಿದ್ದನು. ಗುಣವಾದೀತೆಂಬ ಆಸೆಯಿಂದ ವೆನಿಸ್ಸಿಗೆ ಹೋದವನು 1853ರ ಮಾರ್ಚ್ 17ರಂದು ಅಲ್ಲಿಯೇ ತೀರಿಕೊಂಡನು. 49 ವರ್ಷ. ನಕ್ಷತ್ರದ ಬಣ್ಣವನ್ನಲ್ಲ, ಅದರ ಬೆಳಕಿನ ವರ್ಣಪಟಲದಲ್ಲಿರುವ ಕಪ್ಪು ಗೆರೆಗಳ ಸರಿತವನ್ನು ಅಳೆಯಬೇಕೆಂದು ಫ್ರಾನ್ಸಿನ ಫೀಜೋ 1848ರಲ್ಲಿಯೇ ಸೂಚಿಸಿದ್ದನು. ಇಂಗ್ಲೆಂಡಿನ ಹಗಿನ್ಸ್ 1868ರಲ್ಲಿ ಅದೇ ಹಾದಿಯಿಂದ ಲುಬ್ಧಕ ನಕ್ಷತ್ರದ ಚಲನೆಯನ್ನು ಅಳೆಯಲು ಹೊರಟನು. ಅದನ್ನು ಕಾಣಲು ಡಾಪ್ಲರನು ಇರಲಿಲ್ಲ.

ಇತ್ತ ಬೈಸ್ ಬ್ಯಾಲಟ್ ಕಹಳೆಯನ್ನು ಬಿಟ್ಟು ಗಾಳಿಯ ಬೆನ್ನುಹತ್ತಿದನು. 1854ರಲ್ಲಿ ಹಾಲೆಂಡಿನ ರಾಜಕೀಯ ಹವಾಮಾನ ಸಂಸ್ಥೆಯನ್ನು ಕಟ್ಟಿದವನು ಆತನೇ. ಮುಗಿಲಿನೊಳಗೆ ಸುರಿಯುತ್ತಿರುವ ಮಳೆಹನಿಗಳು ತಮ್ಮತ್ತ ಬರುತ್ತಿವೆಯೋ ದೂರ ಸರಿಯುತ್ತಿವೆಯೋ ಎಂಬುದನ್ನು ಆ ಸಂಸ್ಥೆಯವರು ಇಂದು ರಾಡಾರಿನಿಂದ ಅರಿಯುತ್ತಾರೆ. ಆ ರಾಡಾರಿಗೆ ಇರುವ ಹೆಸರು ಡಾಪ್ಲರನದು.