ಶಾಲೆಯ ವರ್ಷ ಮತ್ತು ಕಚೇರಿಯ ವರ್ಷ

ಕಚೇರಿಯ ಪಂಚಾಂಗ ಒಂದು, ಶಾಲೆಯ ಪಂಚಾಂಗ ಇನ್ನೊಂದು. ಮಹಾನಗರದಲ್ಲಿ ದುಡಿಯುವ ದಂಪತಿಗಳು ಇವೆರಡನ್ನೂ ಏಕಕಾಲದಲ್ಲಿ ಪಾಲಿಸಬೇಕಾಗುತ್ತದೆ. ಊರಿನಲ್ಲಾದರೆ ಮಗುವಿಗೆ ಜ್ವರ ಬಂದಾಗ ಅಜ್ಜಿಯೋ ಚಿಕ್ಕಮ್ಮನೋ ಬಳಿಯಲ್ಲಿರುತ್ತಾರೆ. ಮನೆಗೆ ಬೀಗ ಹಾಕಿ ಇಬ್ಬರೂ ಲೋಕಲ್ ರೈಲು ಹಿಡಿಯುವ ಮುಂಬಯಿಯಲ್ಲಿ ಆ ಆಸರೆ ದುರ್ಲಭ. ಈ ಕೊರತೆಯನ್ನು ಉದ್ಯೋಗದಾತರು ಎಷ್ಟರ ಮಟ್ಟಿಗೆ ತುಂಬಬಲ್ಲರೆಂಬುದು ವಿಚಾರಾರ್ಹವಾದ ಸಂಗತಿ.

ಕಾಯಿದೆಯು ಕೆಲವು ಸೌಲಭ್ಯಗಳನ್ನು ಒದಗಿಸಿದೆ. 1961ರ ಹೆರಿಗೆ ಸೌಲಭ್ಯ ಕಾಯಿದೆಗೆ 2017ರಲ್ಲಿ ಆದ ತಿದ್ದುಪಡಿಯಂತೆ, 50 ಅಥವಾ ಹೆಚ್ಚು ನೌಕರರಿರುವ ಸಂಸ್ಥೆ ಶಿಶುವಿಹಾರದ ಏರ್ಪಾಡು ಮಾಡಬೇಕು. ತಾಯಿ ದಿನಕ್ಕೆ 4 ಸಲ ಅಲ್ಲಿಗೆ ಹೋಗಿಬರಬಹುದು. 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿಯೂ ಈ ವಿಧಿಯಿದೆ. ಕೇಂದ್ರ ಸರ್ಕಾರದ ಮಹಿಳಾ ನೌಕರರಿಗೆ 2008ರಿಂದ ಇಡೀ ಸೇವಾವಧಿಯಲ್ಲಿ 730 ದಿನಗಳ ಶಿಶುಪಾಲನಾ ರಜೆ ಲಭ್ಯವಿದ್ದು, ಮಕ್ಕಳ ಅಸ್ವಾಸ್ಥ್ಯ, ಪರೀಕ್ಷೆ ಮುಂತಾದ ಕಾರಣಗಳಿಗೆ ಅದನ್ನು ಬಳಸಬಹುದು. 2018ರಲ್ಲಿ ಇದು ಒಂಟಿ ತಂದೆಯರಿಗೂ ವಿಸ್ತರಿಸಿತು. ಖಾಸಗಿ ಸಂಸ್ಥೆಗಳಿಗೆ ಈ ರಜೆಯ ನಿಯಮ ಅನ್ವಯಿಸದು. ಅಲ್ಲಿ ಮೇಲಧಿಕಾರಿಯ ವಿವೇಕವೇ ಮುಖ್ಯ.

ಆ ವಿವೇಕ ಎಲ್ಲಿ ಬೇಕು? ಮೊದಲನೆಯದಾಗಿ, ಮಾರ್ಚ್ ತಿಂಗಳಿನಲ್ಲಿ. ಬ್ಯಾಂಕುಗಳ ವಾರ್ಷಿಕ ಲೆಕ್ಕ ಮಾರ್ಚ್ 31ಕ್ಕೆ ಮುಗಿಯುತ್ತದೆ. ಮಕ್ಕಳ ಪರೀಕ್ಷೆಗಳೂ ಸಾಮಾನ್ಯವಾಗಿ ಅದರ ಆಸುಪಾಸಿನಲ್ಲಿಯೇ ಬರುತ್ತವೆ. ಎರಡೂ ಮುಂಚಿತವಾಗಿ ತಿಳಿದಿರುವಂಥವು. ಜನವರಿಯಲ್ಲಿಯೇ ಸಿಬ್ಬಂದಿಯ ಮಕ್ಕಳ ಪರೀಕ್ಷಾ ದಿನಗಳನ್ನು ಬರೆದುಕೊಂಡು, ತಡರಾತ್ರಿಯ ಕೆಲಸವನ್ನು ಸರದಿಯಂತೆ ಹಂಚಿದರೆ ಲೆಕ್ಕವೂ ಕೆಡದು, ಪರೀಕ್ಷೆಯೂ ಕೆಡದು. ಈ ವರ್ಷ ವಿನಾಯಿತಿ ಪಡೆದವರು ಮುಂದೆ ಬೇರೆಯವರ ಸರದಿಯನ್ನು ಹೊರಬೇಕು. ಇಲ್ಲವಾದರೆ ಮಕ್ಕಳಿಲ್ಲದ ಸಹೋದ್ಯೋಗಿಗಳಿಗೆ ಅನ್ಯಾಯವಾದೀತು.

ಎರಡನೆಯದು, ಅನಾರೋಗ್ಯ. ರಜೆ ಸಿಗದ ತಾಯಿ ಜ್ವರವಿರುವ ಮಗುವಿಗೆ ಮಾತ್ರೆ ನುಂಗಿಸಿ ಶಾಲೆಗೆ ಕಳುಹಿಸುತ್ತಾಳೆ. ಮಧ್ಯಾಹ್ನದೊಳಗೆ ಜ್ವರ ಮರಳುತ್ತದೆ. ಸೋಂಕು ಪಕ್ಕದ ಮಕ್ಕಳಿಗೂ ತಗಲಬಹುದು. ಆಗ ರಜೆ ಬೇಡುವ ತಂದೆತಾಯಿಗಳ ಸಂಖ್ಯೆ ಹೆಚ್ಚುತ್ತದೆ. ಸಕಾಲದಲ್ಲಿ ಕೊಟ್ಟ ಅರ್ಧ ದಿನದ ರಜೆ ಮುಂದಿನ ಹಲವು ದಿನಗಳ ನಷ್ಟವನ್ನು ತಪ್ಪಿಸಬಲ್ಲದು.

ಮೂರನೆಯದು, ಮಳೆಗಾಲ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ 944 ಮಿಲಿಮೀಟರ್ ಮಳೆ ಸುರಿದಾಗ ರೈಲುಗಳು ನಿಂತು ಹಿರಿಯರು ಕಚೇರಿಗಳಲ್ಲಿ, ಮಕ್ಕಳು ಶಾಲೆಗಳಲ್ಲಿ ಸಿಕ್ಕಿಬಿದ್ದರು. ಭಾರಿ ಮಳೆಯ ಮುನ್ಸೂಚನೆ ಬಂದೊಡನೆ ಚಿಕ್ಕ ಮಕ್ಕಳಿರುವವರನ್ನು ಮೊದಲು ಮನೆಗೆ ಬಿಡುವ ಪದ್ಧತಿ ಪ್ರತಿ ಕಚೇರಿಯಲ್ಲಿಯೂ ಇರತಕ್ಕದ್ದು.

ನಾಲ್ಕನೆಯದು, ವರ್ಗಾವಣೆ. ಮಹಾರಾಷ್ಟ್ರದ ಶಾಲೆಗಳಲ್ಲಿ ಮರಾಠಿ ಕಡ್ಡಾಯ, ತಮಿಳುನಾಡಿನಲ್ಲಿ ತಮಿಳು. ಅಕ್ಟೋಬರಿನಲ್ಲಿ ಮುಂಬಯಿಯಿಂದ ಚೆನ್ನೈಗೆ ವರ್ಗವಾದ ಕನ್ನಡಿಗನ ಮಗು ನಡುವರ್ಷದಲ್ಲಿ ಹೊಸ ಲಿಪಿಯನ್ನೇ ಎದುರಿಸಬೇಕಾಗುತ್ತದೆ. ವರ್ಗಾವಣೆಯ ಆದೇಶ ಬೇಸಿಗೆ ರಜೆಯಲ್ಲಿ ಬಂದರೆ ಈ ಕಷ್ಟ ಬಹುಮಟ್ಟಿಗೆ ಹಗುರಾಗುತ್ತದೆ.

ಇಂಥ ಸವಲತ್ತುಗಳು ತಾಯಿಗೆ ಮಾತ್ರ ಮೀಸಲಾದರೆ, ಮಹಿಳೆಯರನ್ನು ಕೆಲಸಕ್ಕೆ ಸೇರಿಸಿಕೊಳ್ಳಲು ಸಂಸ್ಥೆಗಳು ಹಿಂಜರಿಯಬಹುದು. ಆದುದರಿಂದ ತಂದೆಯೂ ಇವನ್ನು ಸಂಕೋಚವಿಲ್ಲದೆ ಕೇಳುವಂತಾಗಬೇಕು. ಮೇಲೆ ಹೇಳಿದವುಗಳಲ್ಲಿ ಹೆಚ್ಚಿನವು ಹಣದ ವೆಚ್ಚವನ್ನು ಬೇಡುವುದಿಲ್ಲ, ಮುಂದಾಲೋಚನೆಯನ್ನು ಬೇಡುತ್ತವೆ. ಮಗು ಕ್ಷೇಮವಾಗಿದೆಯೆಂಬ ನೆಮ್ಮದಿಯಿರುವ ನೌಕರನ ಲೆಕ್ಕದಲ್ಲಿ ತಪ್ಪುಗಳೂ ಕಡಿಮೆ ಎಂಬುದನ್ನು ಮಾಲೀಕರು ಮರೆಯಬಾರದು.