ಬೈಕಿನ ಇಂಜಿನ್ನಿಗೆ ಪೆಟ್ರೋಲ್ ಸಿಂಪಡಿಸುವ ಬಗೆ



ಮಾಗಿಯ ಚಳಿ. ಹಾಲಿನ ಕ್ಯಾನನ್ನು ಬೈಕಿಗೆ ಕಟ್ಟಿದ್ದಾಯಿತು. ಡೇರಿಯಲ್ಲಿ ಹಾಲು ಹಾಕುವ ಹೊತ್ತು ಮೀರುತ್ತಿದೆ. ಆದರೆ ಗಾಡಿ ಸ್ಟಾರ್ಟ್ ಆಗುತ್ತಿಲ್ಲ! ನಮ್ಮ ಮನೆಯಲ್ಲೇ ಹೀಗಾಗಿ, ಒಂದು ಹೊತ್ತಿನ ಹಾಲು ಮನೆಯಲ್ಲೇ ಉಳಿಯಿತು. ತಪ್ಪು ಗಾಡಿಯದಲ್ಲ, ನನ್ನದೇ. ಕೊಟ್ಟಿಗೆಯ ಮೂಲೆಯಲ್ಲಿ ತಿಂಗಳುಗಟ್ಟಲೆ ಇದ್ದ ಕ್ಯಾನಿನ ಪೆಟ್ರೋಲನ್ನು ಟ್ಯಾಂಕಿಗೆ ಸುರಿದಿದ್ದೆ. ಅದರಲ್ಲಿ ನೀರು ಸೇರಿತ್ತು.

ಹಳೆಯ ಬೈಕುಗಳಲ್ಲಿ ಕಾರ್ಬುರೇಟರ್ ಇತ್ತು. 2020ರ ಏಪ್ರಿಲ್ 1ರಿಂದ ನಮ್ಮ ದೇಶದಲ್ಲಿ ಬಿ.ಎಸ್.-6 ನಿಯಮ ಬಂದ ಮೇಲೆ ಹೊಸ ಬೈಕುಗಳಲ್ಲಿ ಹೆಚ್ಚಿನವಕ್ಕೆ ಇಂಜೆಕ್ಟರ್ ಬಂತು. ಇದು ನಿನ್ನೆ ಮೊನ್ನೆಯ ವಿದ್ಯೆಯಲ್ಲ. 1967ರಲ್ಲೇ ಜರ್ಮನಿಯ ಬಾಷ್ ಕಂಪನಿ ಫೋಕ್ಸ್‌ವ್ಯಾಗನ್ 1600 ಕಾರಿಗೆ ಇಂಥ ವ್ಯವಸ್ಥೆ ಒದಗಿಸಿತ್ತು.

ಇಂಜೆಕ್ಟರ್ ಎಂದರೇನು? ಬೆಳೆಗೆ ಔಷಧ ಹೊಡೆಯುವ ಸ್ಪ್ರೇಯರಿನ ನಾಜಲನ್ನು ನೆನೆಯಿರಿ. ಟ್ಯಾಂಕಿನ ಪಂಪು ಒತ್ತಿ ಕಳಿಸಿದ ಪೆಟ್ರೋಲನ್ನು ಅದು ಇಂಜಿನ್ನಿಗೆ ಗಾಳಿ ಹೋಗುವ ದಾರಿಯಲ್ಲಿ, ವಾಲ್ವಿನ ಬೆನ್ನಿಗೆ ಸಿಂಪಡಿಸುತ್ತದೆ. ಚಕ್ರಕ್ಕೆ ಗಾಳಿ 25, 30 ಎಂದು ಹಾಕಿಸುತ್ತೇವಲ್ಲ, ಆ ಲೆಕ್ಕದಲ್ಲಿ ಈ ಒತ್ತಡ 40ರ ಆಸುಪಾಸು. ಟ್ರ್ಯಾಕ್ಟರಿನ ಡೀಸೆಲ್ ನಾಜಲಿನದು ಇದರ ಎಷ್ಟೋ ಪಟ್ಟು. ಇಂಜಿನ್ ನಿಮಿಷಕ್ಕೆ 3000 ಸುತ್ತು ತಿರುಗುವಾಗ ಇಂಜೆಕ್ಟರ್ ಸೆಕೆಂಡಿಗೆ 25 ಸಲ ಬಾಯಿ ತೆರೆದು ಮುಚ್ಚುತ್ತದೆ! ಎಷ್ಟು ಹೊತ್ತು ತೆರೆಯಬೇಕೆಂದು ಹೇಳುವುದು ಒಂದು ಸಣ್ಣ ಕಂಪ್ಯೂಟರ್.

ಇಲ್ಲೊಂದು ಮುಖ್ಯ ಮಾತು. ಪೆಟ್ರೋಲ್ ದ್ರವವಾಗಿ ಉರಿಯುವುದಿಲ್ಲ, ಆವಿಯಾದಾಗಲೇ ಉರಿಯುತ್ತದೆ. ಹನಿ ಸಣ್ಣದಾದಷ್ಟೂ ಬೇಗ ಆವಿಯಾಗುತ್ತದೆ. ಇಂಜಿನ್ ಕಾದಿದ್ದರೆ ವಾಲ್ವಿಗೆ ತಾಗಿದ ಹನಿ ಕಾದ ಹಂಚಿನ ಮೇಲಿನ ನೀರಿನಂತೆ ಆರುತ್ತದೆ. ತಣ್ಣಗಿದ್ದರೋ, ಎಲೆಗೆ ಅಂಟಿದ ಔಷಧದಂತೆ ಕೊಳವೆಯ ಗೋಡೆಗೆ ಅಂಟಿ ತೆಳ್ಳಗೆ ಹರಡಿಕೊಳ್ಳುತ್ತದೆ, ಬೆಂಕಿಗೆ ಒದಗುವುದಿಲ್ಲ. ಅದಕ್ಕೇ ಚಳಿಯಲ್ಲಿ ಕಂಪ್ಯೂಟರ್ ತಾನೇ ಹೆಚ್ಚು ಪೆಟ್ರೋಲ್ ಬಿಡುತ್ತದೆ. ಹಳೆಯ ಚೋಕಿನ ಕೆಲಸ ಇದು. ಇಂಜಿನ್ ತಿರುಗದೆ ಎಕ್ಸಿಲೇಟರ್ ಎಷ್ಟು ತಿರುವಿದರೂ ಹನಿ ಪೆಟ್ರೋಲ್ ಬರುವುದಿಲ್ಲ, ಕೈ ನೋವು ಮಾತ್ರ!

ನಾಜಲಿನ ತೂತಿಗೆ ಕಸ ಸಿಕ್ಕಿದರೆ ಔಷಧ ಮಂಜಿನಂತೆ ಹರಡದೆ ಧಾರೆಯಾಗಿ ಸುರಿಯುವುದನ್ನು ನೀವು ಕಂಡಿದ್ದೀರಿ. ಇಂಜೆಕ್ಟರಿಗೂ ಅದೇ ಗತಿ. ನಿಂತಲ್ಲೇ ಇಂಜಿನ್ ನಡುಗುತ್ತದೆ, ಮೈಲೇಜು ಇಳಿಯುತ್ತದೆ, ಪ್ಲಗ್ಗಿಗೆ ಮಸಿ ಹಿಡಿಯುತ್ತದೆ.

ಇನ್ನು ನೀರಿನ ಮಾತು. ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ ನೂರಕ್ಕೆ 20 ಭಾಗದವರೆಗೂ ಎಥನಾಲ್ ಇರುತ್ತದೆ. ಎಥನಾಲ್ ನೀರನ್ನು ಹೀರುತ್ತದೆ. ನೀರು ಮಿತಿ ಮೀರಿದರೆ ಎರಡೂ ಪೆಟ್ರೋಲಿನಿಂದ ಬೇರೆಯಾಗಿ ತಳಕ್ಕೆ ಇಳಿಯುತ್ತವೆ. ಪಂಪು ಹೀರುವುದೋ ತಳದಿಂದಲೇ! ನನ್ನ ಹಾಲು ಉಳಿದದ್ದು ಹೀಗೆ.

ಆದ್ದರಿಂದ ಇಷ್ಟನ್ನು ನೆನಪಿಡಿ:

1. ಕೀಲಿ ತಿರುಗಿಸಿ, ಪಂಪಿನ "ಜುಯ್" ಸದ್ದು ನಿಲ್ಲುವವರೆಗೆ ಎರಡು ಮೂರು ಸೆಕೆಂಡ್ ತಡೆಯಿರಿ. ಎಕ್ಸಿಲೇಟರ್ ಮುಟ್ಟದೆ ಸ್ಟಾರ್ಟ್ ಮಾಡಿ.

2. ಟ್ಯಾಂಕನ್ನು ಪೂರ್ತಿ ಬರಿದು ಮಾಡಬೇಡಿ. ಹೆಚ್ಚಿನ ಬೈಕುಗಳಲ್ಲಿ ಪಂಪು ಟ್ಯಾಂಕಿನೊಳಗೇ ಇದ್ದು, ಪೆಟ್ರೋಲಿನಿಂದಲೇ ತಂಪಾಗುತ್ತದೆ.

3. ಹಳೆಯ ಕ್ಯಾನಿನ ಪೆಟ್ರೋಲ್ ಹಾಕಬೇಡಿ, ಸೀಮೆಎಣ್ಣೆ ಬೆರೆಸಬೇಡಿ. ಗಾಡಿ ತೊಳೆಯುವಾಗ ಟ್ಯಾಂಕಿನ ಮುಚ್ಚಳ ಭದ್ರವಾಗಿರಲಿ.

4. ಇಂಜಿನ್ ಚಿತ್ರದ ದೀಪ ಗಾಡಿ ಸ್ಟಾರ್ಟ್ ಆದ ಮೇಲೂ ಆರದಿದ್ದರೆ ಮೆಕ್ಯಾನಿಕ್‌ಗೆ ತೋರಿಸಿ. ಪೆಟ್ರೋಲ್ ಪೈಪನ್ನು ನೀವೇ ಬಿಚ್ಚಬೇಡಿ. ಒಳಗೆ ಒತ್ತಡ ಉಳಿದಿರುತ್ತದೆ, ಪೆಟ್ರೋಲ್ ಚಿಮ್ಮಿ ಬೆಂಕಿ ಹೊತ್ತೀತು.

ಸ್ಪ್ರೇಯರಿಗೆ ನೀರು ಹಾಕುವಾಗ ಸೋಸಿ ಹಾಕುತ್ತೀರಲ್ಲ, ಬೈಕಿನ ಪೆಟ್ರೋಲಿನ ವಿಷಯದಲ್ಲೂ ಅಷ್ಟೇ ಎಚ್ಚರ ಇರಲಿ. ಹಾಲು ಹೊತ್ತಿಗೆ ಸರಿಯಾಗಿ ಡೇರಿ ಮುಟ್ಟುತ್ತದೆ.